ಸೇವೆಗೆ ಮೊದಲು ನೋಟ: ವಿದ್ಯಾರ್ಥಿ ಸೇವಾಸಂಘಗಳೂ ನಮ್ಮ ಮಕ್ಕಳೂ

ಜೂನ್ ತಿಂಗಳಲ್ಲಿ ಶಾಲಾ ಕಾಲೇಜುಗಳ ಬಾಗಿಲು ತೆರೆಯುತ್ತಿದ್ದಂತೆ ಗುರುನಿವಾಸದ ಜಗಲಿಯಲ್ಲಿಯೂ ತಂದೆತಾಯಂದಿರ ಸಾಲು ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಮಕ್ಕಳ ಜ್ಞಾನಸ್ನಾನದ ಪ್ರಮಾಣಪತ್ರ ಬೇಕು, ಕೆಲವರಿಗೆ ಹಾಸ್ಟೆಲಿನವರಿಗೊಂದು ಪರಿಚಯದ ಪತ್ರ ಬೇಕು. ಇತ್ತೀಚಿನ ವರ್ಷಗಳಲ್ಲಿ ಇವುಗಳೊಂದಿಗೆ ಇನ್ನೊಂದು ಪ್ರಶ್ನೆಯೂ ಬರತೊಡಗಿದೆ. “ಫಾದರ್, ಮಗಳ ಕಾಲೇಜಿನಲ್ಲಿ ಎನ್.ಎಸ್.ಎಸ್. ಇದೆ, ರೋಟರಾಕ್ಟ್ ಇದೆ, ರೆಡ್‌ಕ್ರಾಸ್ ಇದೆ. ಇಲ್ಲಿ ನಮ್ಮ ವೈ.ಸಿ.ಎಸ್. ಇದೆ. ಯಾವುದಕ್ಕೆ ಸೇರಿಸಿದರೆ ಒಳ್ಳೆಯದು? ಸರ್ಟಿಫಿಕೇಟಿಗೆ ಮುಂದೆ ಬೆಲೆ ಉಂಟೇ?” ಪ್ರಶ್ನೆಯನ್ನು ಕೇಳುವವರು ಬುದ್ಧಿವಂತರೇ. ಮಗುವಿನ ದಿನದಲ್ಲಿ ಮಿಕ್ಕಿರುವ ಒಂದು ಗಂಟೆಯನ್ನು ಎಲ್ಲಿ ಹೂಡಬೇಕೆಂಬ ಲೆಕ್ಕಾಚಾರ ಅವರದು. ಆ ಲೆಕ್ಕಾಚಾರವನ್ನು ನಾವು ಹಳಿಯಲಾರೆವು. ಆದರೆ ಉತ್ತರವನ್ನು ಪ್ರಮಾಣಪತ್ರದಿಂದ ಆರಂಭಿಸಲು ಮನಸ್ಸು ಒಪ್ಪುವುದಿಲ್ಲವಾದ್ದರಿಂದ, ಈ ಸಂಘಗಳು ಎಲ್ಲಿಂದ ಬಂದವು, ಅವು ಮಕ್ಕಳಿಗೆ ಏನನ್ನು ಕಲಿಸುತ್ತವೆ, ಏನನ್ನು ಕಲಿಸದೆ ಬಿಡುತ್ತವೆ ಎಂಬುದನ್ನು ಈ ವಾರ ತುಸು ವಿವರವಾಗಿಯೇ ಬರೆಯಬೇಕೆನಿಸಿತು.

ಲಯನ್ಸ್ ಸಂಸ್ಥೆಯ ಕಿರಿಯರ ಶಾಖೆಯಾದ ಲಿಯೋ ಕ್ಲಬ್ಬು 1957ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಗ್ಲೆನ್‌ಸೈಡ್ ಎಂಬಲ್ಲಿ ಹುಟ್ಟಿತು. ಅದನ್ನು ಆರಂಭಿಸಿದವರಲ್ಲಿ ಒಬ್ಬರು ಹೈಸ್ಕೂಲು ಹುಡುಗರಿಗೆ ಬೇಸ್‌ಬಾಲ್ ಕಲಿಸುತ್ತಿದ್ದ ತರಬೇತುದಾರ ಜಿಮ್ ಗ್ರೇವರ್. ರೋಟರಿಯವರ ಇಂಟರಾಕ್ಟ್ ಕ್ಲಬ್ಬು 1962ರ ನವೆಂಬರಿನಲ್ಲಿ ಫ್ಲಾರಿಡಾ ರಾಜ್ಯದ ಮೆಲ್ಬರ್ನ್ ಹೈಸ್ಕೂಲಿನಲ್ಲಿ ಇಪ್ಪತ್ತಮೂರು ವಿದ್ಯಾರ್ಥಿಗಳೊಂದಿಗೆ ಮೊದಲಾಯಿತು. ಜಗತ್ತಿನ ಎರಡನೆಯ ಇಂಟರಾಕ್ಟ್ ಕ್ಲಬ್ಬು ನಮ್ಮ ನೆರೆಯ ತಂಜಾವೂರಿನಲ್ಲಿ ಸ್ಥಾಪನೆಯಾಯಿತೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು. ಕಾಲೇಜು ವಯಸ್ಸಿನವರಿಗಾಗಿ ರೋಟರಾಕ್ಟ್ 1968ರಲ್ಲಿ ಬಂದಿತು. ಮೂವತ್ತು ವರ್ಷದವರೆಗೆ ಮಾತ್ರ ಎಂಬ ಅದರ ಕಟ್ಟಳೆಯನ್ನು 2020ರಲ್ಲಿ ತೆಗೆದುಹಾಕಲಾಗಿದೆ.

ನಮ್ಮದೇ ಆದ ರಾಷ್ಟ್ರೀಯ ಸೇವಾ ಯೋಜನೆಯ ಕಥೆ ಬೇರೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಮೂವತ್ತೇಳು ವಿಶ್ವವಿದ್ಯಾನಿಲಯಗಳಲ್ಲಿ ಅದಕ್ಕೆ ಚಾಲನೆ ಕೊಟ್ಟವರು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ಅವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋದವರು, ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. “ನನಗಲ್ಲ, ನಿನಗೆ” ಎಂಬುದು ಯೋಜನೆಯ ಘೋಷವಾಕ್ಯ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಏಳು ದಿನಗಳ ಒಂದು ಗ್ರಾಮಶಿಬಿರ, ಇದು ಅದರ ಕಟ್ಟುಪಾಡು. ಹಳ್ಳಿಯ ಶಾಲೆಯೊಂದರ ನೆಲದ ಮೇಲೆ ಚಾಪೆ ಹಾಸಿ ಮಲಗಿ, ಸರದಿಯಂತೆ ಅಡುಗೆ ಮಾಡಿ, ಚರಂಡಿ ತೋಡಿ ಬಂದ ಹುಡುಗರು ಆ ಏಳು ದಿನಗಳನ್ನು ಮದುವೆಯಾದ ಮೇಲೂ ನೆನೆಯುತ್ತಾರೆ. ಇಡೀ ಪದವಿಯ ಮೂರು ವರ್ಷಗಳಲ್ಲಿ ಅವರು ಬೇರೆ ಜಾತಿಯವನ ಕೈಯಡುಗೆಯನ್ನು ಪಕ್ಕಪಕ್ಕದಲ್ಲಿ ಕುಳಿತು ಉಂಡದ್ದು ಆ ವಾರದಲ್ಲಿ ಮಾತ್ರ ಎಂದರೂ ಆಶ್ಚರ್ಯವಿಲ್ಲ. ಆದ್ದರಿಂದ ಎನ್.ಎಸ್.ಎಸ್. ಶಿಬಿರಕ್ಕೆ ಮಗಳನ್ನು ಕಳುಹಿಸಲು ಹಿಂದೆಮುಂದೆ ನೋಡುವ ಪಾಲಕರಿಗೆ ನಾವು ಕಳುಹಿಸಿರೆಂದೇ ಹೇಳುತ್ತೇವೆ.

ಇಷ್ಟು ಹೇಳಿದ ಮೇಲೆ ಒಂದು ಘಟನೆಯನ್ನು ಹೇಳಲೇಬೇಕು. ನಾವು ಹಿಂದೆ ಇದ್ದ ಧರ್ಮಕೇಂದ್ರವು ಕಾಫಿ ಸೀಮೆಯಲ್ಲಿತ್ತು. ಅಲ್ಲಿಯ ಪ್ರೌಢಶಾಲೆಯೊಂದಕ್ಕೆ ಪಟ್ಟಣದ ಸೇವಾಸಂಸ್ಥೆಯೊಂದರ ವಿದ್ಯಾರ್ಥಿ ಶಾಖೆಯವರು ಕುಡಿಯುವ ನೀರನ್ನು ಶುದ್ಧೀಕರಿಸುವ ಯಂತ್ರವೊಂದನ್ನು ಕೊಡುಗೆಯಾಗಿ ಕೊಟ್ಟರು. ಸಮಾರಂಭ ಅಚ್ಚುಕಟ್ಟಾಗಿ ನಡೆಯಿತು. ಯಂತ್ರದ ಮೇಲೆ ದಾನಿಗಳ ಹೆಸರಿನ ಹಿತ್ತಾಳೆಯ ಫಲಕವಿತ್ತು. ನಾವೂ ವೇದಿಕೆಯ ಮೇಲಿದ್ದೆವು. ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತದ್ದನ್ನು ಛಾಯಾಚಿತ್ರ ತೆಗೆದುಕೊಂಡರು. ಕೊಟ್ಟವರು ದುಡ್ಡನ್ನು ಪ್ರಾಮಾಣಿಕವಾಗಿಯೇ ಕೂಡಿಸಿದ್ದರು, ಯಂತ್ರವೂ ಒಳ್ಳೆಯದೇ. ಆದರೆ ಕೆಲವು ತಿಂಗಳ ಬಳಿಕ ಆ ಶಾಲೆಯಲ್ಲಿ ಓದುತ್ತಿದ್ದ ನಮ್ಮ ವೈ.ಸಿ.ಎಸ್. ಘಟಕದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವಾರದ ಸಭೆಯಲ್ಲಿ, “ನಮ್ಮ ಕ್ಲಾಸಿನ ಹುಡುಗಿಯರು ಯಾರೂ ಅದರ ನೀರು ಕುಡಿಯುವುದಿಲ್ಲ” ಎಂದಳು. ಅವಳ ಮಾತಿನಲ್ಲಿ ದೂರಿನ ಧ್ವನಿ ಇರಲಿಲ್ಲ. ಬೆಳಿಗ್ಗೆ ಲೈನ್ ಮನೆಯಿಂದ ಹೊರಟವರು ಸಂಜೆ ಮನೆ ಸೇರುವವರೆಗೂ ನೀರು ಕುಡಿಯುವುದಿಲ್ಲ ಎಂಬುದು ಆ ಹುಡುಗಿಯರಿಗೆ ದಿನನಿತ್ಯದ ಸಂಗತಿಯಾಗಿತ್ತು.

ಅದೇಕೆ ಎಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ವೈ.ಸಿ.ಎಸ್. ಎಂಬ ಈ ಸಂಘಟನೆಯ ಬೇರು ಎಲ್ಲಿದೆಯೆಂದು ನೋಡಬೇಕು. ಏಕೆಂದರೆ ಆ ಹುಡುಗಿ ಸಭೆಯಲ್ಲಿ ಆ ಮಾತನ್ನು ಹೇಳಲು ಸಾಧ್ಯವಾದದ್ದು ಆ ಬೇರಿನಿಂದಲೇ.

ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸಿನ ಮಗ್ಗುಲಿನ ಸ್ಕಾರ್‌ಬೇಕ್‌ನಲ್ಲಿ 1882ರ ನವೆಂಬರ್ 13ರಂದು ದುಡಿಯುವ ಕುಟುಂಬವೊಂದರಲ್ಲಿ ಜೋಸೆಫ್ ಕಾರ್ಡೈನ್ ಹುಟ್ಟಿದರು. ಹಾಲೆ ಎಂಬ ಊರಿನಲ್ಲಿ ಬೆಳೆದರು. ಅವರ ಓರಗೆಯ ಹುಡುಗರೆಲ್ಲ ಪ್ರಾಥಮಿಕ ಶಾಲೆ ಮುಗಿಸಿ ಕಾರ್ಖಾನೆಗೆ ಹೋದರು. ಜೋಸೆಫನಿಗೆ ಗುರುವಾಗುವ ಆಸೆ. ತಂದೆತಾಯಿ ಕಷ್ಟಪಟ್ಟು ಒಪ್ಪಿ ಮೆಕೆಲೆನ್‌ನ ಕಿರಿಯ ಗುರುವಿದ್ಯಾಲಯಕ್ಕೆ ಕಳುಹಿಸಿದರು. ರಜೆಯಲ್ಲಿ ಊರಿಗೆ ಬಂದಾಗ ಹಳೆಯ ಗೆಳೆಯರು ದೂರ ಸರಿದಿದ್ದರು. ನೀನು ಅತ್ತ ಸೇರಿದವನು, ಯಜಮಾನರ ಕಡೆಯವನು, ಎಂಬಂತೆ ನೋಡಿದರು. ಧರ್ಮಸಭೆಯ ಮೇಲಿನ ಅವರ ಪ್ರೀತಿ ಒಂದೆರಡು ವರ್ಷಗಳಲ್ಲಿಯೇ ಕಾರ್ಖಾನೆಯ ಹೊಗೆಯೊಂದಿಗೆ ಆರಿಹೋಗಿತ್ತು. 1903ರಲ್ಲಿ ತಂದೆ ತೀರಿಕೊಂಡಾಗ ಆ ಹಾಸಿಗೆಯ ಬಳಿ ನಿಂತು ಕಾರ್ಡೈನ್ ದುಡಿಯುವ ವರ್ಗಕ್ಕಾಗಿ ತಮ್ಮ ಬಾಳನ್ನು ಮುಡಿಪಿಡುವ ಪ್ರತಿಜ್ಞೆ ಮಾಡಿದರು. 1906ರಲ್ಲಿ ಗುರುದೀಕ್ಷೆಯಾಯಿತು.

1912ರಲ್ಲಿ ಲಾಕೆನ್ ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಬಂದ ಅವರು ಮೊದಲು ಕೂಡಿಸಿದ್ದು ಹೊಲಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದ ಹುಡುಗಿಯರನ್ನು. ಅವರಿಗೆ ಪ್ರವಚನ ಮಾಡುವ ಬದಲು ಕಾರ್ಡೈನ್ ಪ್ರಶ್ನೆ ಕೊಟ್ಟರು. ನಿಮ್ಮ ಕಾರ್ಯಾಗಾರದಲ್ಲಿ ಎಷ್ಟು ಗಂಟೆ ಕೆಲಸ? ಕೂಲಿ ಎಷ್ಟು? ಹೊಸದಾಗಿ ಸೇರಿದವಳನ್ನು ಹೇಗೆ ನಡೆಸಿಕೊಳ್ಳುತ್ತಾರೆ? ವಾರಪೂರ್ತಿ ಕಣ್ಣಿಟ್ಟು ನೋಡಿಬರಬೇಕು, ಮುಂದಿನ ಸಭೆಯಲ್ಲಿ ಹೇಳಬೇಕು. ಇದರಿಂದಲೇ ಮುಂದೆ “ನೋಡು, ವಿವೇಚಿಸು, ಕಾರ್ಯಗೈ” ಎಂಬ ಮೂರು ಹೆಜ್ಜೆಯ ಪದ್ಧತಿ ರೂಪುಗೊಂಡಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಅವರನ್ನು ಸೆರೆಮನೆಗೆ ಹಾಕಿದರು. ಅಲ್ಲಿಯೂ ಅವರು ಕುಳಿತು ಸಂಘಟನೆಯ ರೂಪುರೇಷೆ ಬರೆದರು. ಯುವ ಕ್ರೈಸ್ತ ಕಾರ್ಮಿಕರ ಸಂಘಟನೆಯನ್ನು ಬೆಲ್ಜಿಯಂನ ಹಿರಿಯರು, ಕೆಲವು ಧರ್ಮಾಧ್ಯಕ್ಷರು ಕೂಡ, ಅನುಮಾನದಿಂದ ನೋಡಿದರು. ಕಾರ್ಮಿಕರನ್ನು ಮಾತ್ರ ಬೇರೆಯಾಗಿ ಕೂಡಿಸುವುದು ವರ್ಗಗಳನ್ನು ಒಡೆಯುವ ಕೆಲಸವಲ್ಲವೇ ಎಂಬುದು ಅವರ ಆಕ್ಷೇಪ. 1925ರಲ್ಲಿ ಕಾರ್ಡೈನ್ ರೋಮಿಗೆ ಹೋಗಿ ಹನ್ನೊಂದನೆಯ ಪಿಯೂಸ್ ಜಗದ್ಗುರುಗಳನ್ನು ಕಂಡು ಅವರ ಬೆಂಬಲ ಪಡೆದು ಬಂದ ಮೇಲೆ ಬಾಗಿಲು ತೆರೆಯಿತು.

ಇಲ್ಲಿ ಎರಡು ಹೆಸರುಗಳನ್ನು ಬಿಡಲಾಗದು. ಕಾರ್ಡೈನ್‌ರ ಜೊತೆ ಸಂಘಟನೆ ಕಟ್ಟಿದ ಶ್ರೀಸಾಮಾನ್ಯ ತರುಣರಾದ ಫೆರ್ನಾಂ ತೊನೆ ಮತ್ತು ಪಾಲ್ ಗಾರ್ಸೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಇಬ್ಬರನ್ನೂ ಬಂಧಿಸಿದರು. 1945ರಲ್ಲಿ ಇಬ್ಬರೂ ಡಾಖಾವ್ ಸೆರೆಶಿಬಿರದಲ್ಲಿ ಅಸುನೀಗಿದರು. ಯುವಸಂಘ ಎಂದರೆ ಹಬ್ಬಕ್ಕೆ ತೋರಣ ಕಟ್ಟುವ ಗುಂಪು ಎಂದುಕೊಂಡಿರುವ ನಮ್ಮ ಪಾಲನಾ ಪರಿಷತ್ತುಗಳಲ್ಲಿ ಈ ಇಬ್ಬರ ಚಿತ್ರಗಳನ್ನು ತೂಗುಹಾಕಬೇಕೆಂದು ನಮಗೆ ಅನೇಕ ಸಲ ಅನಿಸಿದೆ.

ಕಾರ್ಮಿಕರಲ್ಲಿ ಫಲಿಸಿದ ಈ ಪದ್ಧತಿಯನ್ನು ವಿದ್ಯಾರ್ಥಿಗಳೂ ಕೈಗೆತ್ತಿಕೊಂಡರು. ಬೆಲ್ಜಿಯಂ, ಫ್ರಾನ್ಸ್ ದೇಶಗಳಲ್ಲಿ 1920ರ ದಶಕದ ಕೊನೆಗೆ ಯುವ ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆ ತಲೆಯೆತ್ತಿತು. 1946ರಲ್ಲಿ ಅದು ಅಂತರರಾಷ್ಟ್ರೀಯ ಸ್ವರೂಪ ಪಡೆದು ಪ್ಯಾರಿಸಿನಲ್ಲಿ ಕೇಂದ್ರ ಕಚೇರಿಯನ್ನು ತೆರೆಯಿತು. ವಿಶ್ವವಿದ್ಯಾನಿಲಯದ ಕಥೋಲಿಕ ವಿದ್ಯಾರ್ಥಿಗಳಿಗಾಗಿ 1921ರಲ್ಲಿಯೇ ಸ್ವಿಟ್ಜರ್ಲೆಂಡಿನ ಫ್ರೀಬೂರ್‌ನಲ್ಲಿ ಪಾಕ್ಸ್ ರೊಮಾನಾ ಹುಟ್ಟಿತ್ತು. ಒಂದನೆಯ ಮಹಾಯುದ್ಧದಲ್ಲಿ ಪರಸ್ಪರ ಗುಂಡು ಹಾರಿಸಿದ್ದ ದೇಶಗಳ ವಿದ್ಯಾರ್ಥಿಗಳನ್ನು ಒಂದೇ ಮೇಜಿನ ಸುತ್ತ ಕೂಡಿಸುವುದು ಅದರ ಮೊದಲ ಸಾಹಸ. ನಮ್ಮ ದಕ್ಷಿಣ ಭಾರತದಲ್ಲಿ 1924ರಲ್ಲಿ ಯೇಸುಸಭೆಯ ಗುರುಗಳ ಆಸರೆಯಲ್ಲಿ ಮೊಳೆತ ಎ.ಐ.ಸಿ.ಯು.ಎಫ್. ಕೂಡ ಮೊದಲಿಗೆ ಭಕ್ತಿ ಮತ್ತು ಅಧ್ಯಯನದ ಕೂಟವಾಗಿಯೇ ಇತ್ತು. 1970ರಲ್ಲಿ ಮದರಾಸಿನ ಬಳಿಯ ಪೂನಮಲ್ಲಿಯಲ್ಲಿ ಸೇರಿದ ಅದರ ವಿದ್ಯಾರ್ಥಿಗಳು, ಅನ್ಯಾಯದ ಸಮಾಜದಲ್ಲಿ ನಾವು ಹುಟ್ಟಿದ್ದೇವೆ, ಅದನ್ನು ಹುಟ್ಟಿದಾಗ ಇದ್ದಂತೆಯೇ ಬಿಟ್ಟುಹೋಗಲಾರೆವು, ಎಂಬರ್ಥದ ನಿಲುವನ್ನು ತಳೆದರು. ಅಂದಿನ ಹಿರಿಯರಿಗೆ ಆ ಮಾತು ತುಸು ಬಿಸಿಯಾಗಿ ತಾಗಿದ್ದರೆ ಅದೇನೂ ವಿಚಿತ್ರವಲ್ಲ.

ಈ ಮೂರು ಹೆಜ್ಜೆಗಳನ್ನು ಮೊದಲು ಓದಿದಾಗ ನಮಗೆ ಗುರುವಿದ್ಯಾಲಯದ ತತ್ತ್ವಶಾಸ್ತ್ರದ ತರಗತಿ ನೆನಪಾಯಿತು. ಸಂತ ತೋಮಾಸ್ ಅಕ್ವಿನಾಸರು ವಿವೇಕ ಎಂಬ ಸದ್ಗುಣಕ್ಕೆ ಮೂರು ಕ್ರಿಯೆಗಳನ್ನು ಹೇಳುತ್ತಾರೆ. ಮೊದಲನೆಯದು ವಿಚಾರಿಸುವುದು, ಎರಡನೆಯದು ನಿರ್ಣಯಿಸುವುದು, ಮೂರನೆಯದು ನಿರ್ಣಯಿಸಿದ್ದನ್ನು ಮಾಡೆಂದು ತನಗೆ ತಾನೇ ಆಜ್ಞೆ ಕೊಟ್ಟುಕೊಳ್ಳುವುದು. ಈ ಮೂರರಲ್ಲಿ ಮುಖ್ಯವಾದದ್ದು ಮೂರನೆಯದು ಎನ್ನುತ್ತಾರೆ ಅವರು; ಏಕೆಂದರೆ ಎಲ್ಲವನ್ನೂ ಸರಿಯಾಗಿ ತಿಳಿದೂ ಕೈಕಟ್ಟಿ ಕುಳಿತವನನ್ನು ವಿವೇಕಿ ಎನ್ನಲಾಗದು. ಅರಿಸ್ಟಾಟಲನೂ ವೀಣೆಯನ್ನು ನುಡಿಸಿಯೇ ಕಲಿಯಬೇಕಾದಂತೆ ನ್ಯಾಯವನ್ನು ನ್ಯಾಯವಂತನಾಗಿ ನಡೆದೇ ಕಲಿಯಬೇಕೆಂದು ವಾದಿಸಿದ್ದುಂಟು. ನಮ್ಮ ನಾಡಿಗೆ ಇದು ಹೊಸತೇನಲ್ಲ. ಕಾಯಕ ಎಂಬ ಶಬ್ದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿಹಿಡಿದ ಜನ ನಾವು.

ಆದರೆ ಇಂದಿನ ವಿದ್ಯಾರ್ಥಿ ಸಂಘಗಳ ಕಷ್ಟ ಅಕ್ವಿನಾಸರು ಕಂಡ ಕಷ್ಟಕ್ಕೆ ತಲೆಕೆಳಗಾದದ್ದು. ಮಾಡುವುದು ಎಲ್ಲೆಡೆ ಧಾರಾಳವಾಗಿದೆ. ರಕ್ತದಾನ, ಗಿಡ ನೆಡುವುದು, ನೋಟ್‌ಪುಸ್ತಕ ಹಂಚುವುದು, ಸ್ವಚ್ಛತಾ ಜಾಥಾ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ, ರಕ್ತದಾನವಂತೂ ನೇರವಾಗಿ ಜೀವ ಉಳಿಸುವಂಥದು. ಆದರೆ ಏನು ಮಾಡಬೇಕೆಂಬುದನ್ನು ಬಹುಪಾಲು ಮೊದಲೇ ಯಾರೋ ತೀರ್ಮಾನಿಸಿರುತ್ತಾರೆ. ವರ್ಷದ ಪಟ್ಟಿ ಮೇಲಿನಿಂದ ಬರುತ್ತದೆ, ಅಧ್ಯಾಪಕರು ದಿನ ಗೊತ್ತುಮಾಡುತ್ತಾರೆ, ವಿದ್ಯಾರ್ಥಿ ಟೋಪಿ ಧರಿಸಿ ಬರುತ್ತಾನೆ, ಚಿತ್ರ ವಾಟ್ಸಾಪಿನಲ್ಲಿ ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ. ನೋಡುವ ಮತ್ತು ವಿವೇಚಿಸುವ ಕೆಲಸವನ್ನು ಹಿರಿಯರು ಇಟ್ಟುಕೊಂಡು, ಮಕ್ಕಳಿಗೆ ಕೈಗೆಲಸವನ್ನು ಮಾತ್ರ ಬಿಟ್ಟಿದ್ದಾರೆ. ಹೀಗೆ 240 ಗಂಟೆಗಳನ್ನು ಮುಗಿಸಿದವನಿಗೆ ಸಲಿಕೆ ಹಿಡಿಯುವುದು ತಿಳಿದಿರುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಅಲ್ಲಿ ಯಾಕೆ ಅಗೆಯಬೇಕಾಯಿತೆಂಬುದು ತಿಳಿದಿರುವುದಿಲ್ಲ.

ಈಗ ಆ ಶಾಲೆಗೆ ಮರಳೋಣ. ಹುಡುಗಿಯ ಮಾತು ಕೇಳಿ ನಮ್ಮ ಘಟಕದ ಸಹಾಯಕಿಯಾಗಿದ್ದ ಕನ್ಯಾಸ್ತ್ರೀಯವರು ಏನನ್ನೂ ಹೇಳದೆ, “ಯಾಕೆಂದು ಕೇಳಿಕೊಂಡು ಬನ್ನಿ” ಎಂದಷ್ಟೇ ಅಂದರು. ಮೂವರು ಹುಡುಗಿಯರು ಎರಡು ವಾರ ಕೇಳಿದರು. ಮೊದಲು ಎಲ್ಲರೂ, ನೀರು ರುಚಿಯಿಲ್ಲ, ತಣ್ಣಗಿದೆ ಎಂದರಂತೆ. ಆಮೇಲೆ ಒಬ್ಬಳು ನಿಜ ಹೇಳಿದಳು. ಹುಡುಗಿಯರ ಶೌಚಾಲಯದ ಎರಡು ಬಾಗಿಲುಗಳಲ್ಲಿ ಒಂದಕ್ಕೆ ಚಿಲಕವಿಲ್ಲ, ಇನ್ನೊಂದರ ಕೀಲು ಕಿತ್ತುಹೋಗಿದೆ. ಹೊರಗೆ ಗೆಳತಿಯೊಬ್ಬಳು ಕಾವಲು ನಿಲ್ಲದೆ ಒಳಗೆ ಹೋಗುವಂತಿಲ್ಲ. ಬಿಡುವಿನ ಹತ್ತು ನಿಮಿಷದಲ್ಲಿ ಎಷ್ಟು ಜನ ಯಾರಿಗೆಂದು ಕಾವಲು ನಿಲ್ಲುವುದು? ಆದ್ದರಿಂದ ನೀರು ಕುಡಿಯದಿರುವುದೇ ಸುಲಭ. ತಿಂಗಳ ಆ ದಿನಗಳಲ್ಲಿ ಶಾಲೆಗೇ ಬಾರದಿರುವುದು ಇನ್ನೂ ಸುಲಭ. ಹಾಜರಿ ಪುಸ್ತಕದಲ್ಲಿ ಅದು “ಅನಾರೋಗ್ಯ” ಎಂದು ದಾಖಲಾಗಿತ್ತು.

ನೋಡುವುದು ಇಲ್ಲಿಗೆ ಮುಗಿಯಿತು. ವಿವೇಚಿಸುವುದು ಹೆಚ್ಚು ಕಷ್ಟವಾಯಿತು. ಶುಭಸಂದೇಶದಲ್ಲಿ ಬಾವಿಯ ಬಳಿ ನೀರು ಸೇದಲು ನಡುಹಗಲಲ್ಲಿ ಒಬ್ಬಳೇ ಬಂದ ಸಮಾರ್ಯದ ಹೆಂಗಸಿನ ಪ್ರಸಂಗವನ್ನು ಕನ್ಯಾಸ್ತ್ರೀಯವರು ಓದಲು ಕೊಟ್ಟರು. ಎಲ್ಲರೂ ಬರುವ ಹೊತ್ತಿನಲ್ಲಿ ಅವಳೇಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಎತ್ತಿದ್ದು ಮಕ್ಕಳೇ. ಇದು ತಪ್ಪೆಂದು ತೀರ್ಮಾನವಾಯಿತು. ಯಾರ ತಪ್ಪು ಎಂಬಲ್ಲಿ ಮಾತು ನಿಂತಿತು. ಶಾಲಾಭಿವೃದ್ಧಿ ಸಮಿತಿಯಲ್ಲಿದ್ದವರೆಲ್ಲ ಪರಿಚಿತರು. ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ, ಆದರೆ ಆ ಕಡೆಗೆ ಅವರು ಹೋಗುವ ಪ್ರಮೇಯವೇ ಇರಲಿಲ್ಲ.

ಪತ್ರ ಬರೆಯಬೇಕೆಂದು ಮಕ್ಕಳು ನಿಶ್ಚಯಿಸಿದ ದಿನ ಸಂಜೆ ಆ ಹುಡುಗಿಯ ತಾಯಿ ಗುರುನಿವಾಸಕ್ಕೆ ಬಂದರು. ತೋಟದಲ್ಲಿ ಆಳಾಗಿ ದುಡಿಯುವ ಹೆಂಗಸು. ಆಕೆಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. “ಸ್ವಾಮಿ, ನಮ್ಮ ಮಗಳು ಓದಿ ಒಂದು ದಡ ಮುಟ್ಟಲಿ ಅಂತ ನೋಡ್ತಿದೀವಿ. ಮೇಷ್ಟ್ರ ಮೇಲೆ ಕಾಗದ ಬರೆದರೆ ನಾಳೆ ಮಾರ್ಕ್ಸ್ ಯಾರು ಕೊಡ್ತಾರೆ? ಚಿಲಕದ ಚಿಂತೆ ನಮಗ್ಯಾಕೆ?” ಎಂದರು. ನಾವು, “ನೋಡಮ್ಮಾ, ಕಾಗದದಲ್ಲಿ ಯಾರ ಮೇಲೂ ದೂರಿಲ್ಲ” ಎಂದೆವು. ಆಕೆಗೆ ಅದು ಸಮಾಧಾನವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬಡವರ ಮಕ್ಕಳಿಗೆ ಬಾಯಿ ತೆರೆಯುವುದರ ಬೆಲೆ ಎಷ್ಟೆಂಬುದು ನಮಗಿಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ನಾವು ಪತ್ರವನ್ನು ನಾವೇ ಬರೆದು ಸಹಿ ಮಾಡಬಹುದಾಗಿತ್ತು. ಕೆಲಸ ಎರಡು ದಿನಗಳಲ್ಲಿ ಆಗಿಬಿಡುತ್ತಿತ್ತು. ಆದರೆ ಅದನ್ನು ಮಕ್ಕಳಿಗೇ ಬಿಟ್ಟೆವು. ಮಕ್ಕಳು ತಾವಾಗಿ ಒಂದು ದಾರಿ ಹುಡುಕಿದರು. ಬೇರೆ ಮತದ ಗೆಳತಿಯರನ್ನೂ ಸೇರಿಸಿಕೊಂಡು, ತರಗತಿಯ ಎಲ್ಲ ಹುಡುಗಿಯರ ಸಹಿಯನ್ನು ವೃತ್ತಾಕಾರದಲ್ಲಿ ಹಾಕಿಸಿದರು. ಯಾರು ಮೊದಲು ಬರೆದರೆಂಬುದು ಕಾಣದಂತೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಖ್ಯೋಪಾಧ್ಯಾಯರು ಓದಿ ಬಹಳ ಹೊತ್ತು ಸುಮ್ಮನಿದ್ದರಂತೆ. ಆ ವಾರವೇ ಒಬ್ಬ ಹುಡುಗಿಯ ತಂದೆ, ಆಚಾರಿ ಕೆಲಸದವರು, ಬಂದು ಚಿಲಕ ಕೂರಿಸಿ ಕೀಲು ಬದಲಾಯಿಸಿ ಹೋದರು. ಯಂತ್ರದ ಬೆಲೆಯ ಮುಂದೆ ಆ ಖರ್ಚು ಏನೇನೂ ಅಲ್ಲ. ಯಂತ್ರದ ನೀರಿಗೆ ಅಂದಿನಿಂದ ಹುಡುಗಿಯರೂ ಸಾಲು ನಿಂತರು. ಆದ್ದರಿಂದ ಯಂತ್ರ ಕೊಟ್ಟವರ ದುಡ್ಡು ವ್ಯರ್ಥವಾಯಿತೆಂದು ನಾವು ಹೇಳುವುದಿಲ್ಲ. ಕೊಡುವ ಮೊದಲು ಅವರದೇ ವಿದ್ಯಾರ್ಥಿಗಳಲ್ಲಿ ಇಬ್ಬರು ಬಂದು ಶಾಲೆಯಲ್ಲಿ ಒಂದು ದಿನ ಕಳೆದಿದ್ದರೆ ಸಾಕಾಗಿತ್ತು.

ಕೈಗೆಲಸವನ್ನು ನಾವು ಕಡೆಗಣಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು. ಸಲಿಕೆಯನ್ನೇ ಶಾಂತಿಯ ಸಾಧನವಾಗಿ ಮಾಡಿಕೊಂಡ ಒಬ್ಬ ಮಹನೀಯನ ನೆನಪು ಇಲ್ಲಿ ಬರುತ್ತದೆ. ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಇಂಜಿನಿಯರು. ಅವರ ತಂದೆ ಆ ದೇಶದ ಅಧ್ಯಕ್ಷರಾಗಿದ್ದವರು. 1920ರಲ್ಲಿ ಅವರು ಫ್ರಾನ್ಸಿನ ವರ್ದಂ ರಣಭೂಮಿಯ ಬಳಿಯ ಎಸ್ನ್ ಎಂಬ ಹಾಳಾದ ಹಳ್ಳಿಗೆ, ನಿನ್ನೆಮೊನ್ನೆಯವರೆಗೆ ಶತ್ರುಗಳಾಗಿದ್ದ ಜರ್ಮನರನ್ನೂ ಸೇರಿಸಿಕೊಂಡು ಕೆಲವೇ ಸ್ವಯಂಸೇವಕರೊಡನೆ ಹೋಗಿ ಮನೆ, ರಸ್ತೆ ಕಟ್ಟಲು ನಿಂತರು. ಕೆಲವು ತಿಂಗಳ ಬಳಿಕ ಜರ್ಮನರ ಇರವಿನ ಕಾರಣದಿಂದ ಅಲ್ಲಿಂದ ಹೊರಡಬೇಕಾಯಿತು. ಕೆಲಸ ಅರ್ಧಕ್ಕೆ ನಿಂತಿತು, ಆದರೆ ಅಂತರರಾಷ್ಟ್ರೀಯ ಸ್ವಯಂಸೇವಾ ಶಿಬಿರಗಳ ಪರಂಪರೆ ಅಲ್ಲಿಂದಲೇ ಮೊದಲಾಯಿತು. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಸೆರೆಸೋಲ್ ಭಾರತಕ್ಕೂ ಬಂದರು, ಉತ್ತರ ಬಿಹಾರದ ಹಳ್ಳಿಗಳನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಹಳ್ಳಿಗರ ಜೊತೆ ಮಣ್ಣು ಹೊತ್ತರು. ಅವರು ಮೊದಲು ಬಂದು ನೋಡಿದರು, ಗಾಂಧೀಜಿಯವರನ್ನೂ ರಾಜೇಂದ್ರ ಪ್ರಸಾದರನ್ನೂ ಕಂಡು ಮಾತನಾಡಿದರು, ಆಮೇಲೆ ಸಲಿಕೆ ಎತ್ತಿದರು.

ಇನ್ನು ನಮ್ಮ ಮನೆಯ ಕಡೆ ತಿರುಗೋಣ. ಪಕ್ಕದ ಮನೆಯವರ ಫಲಕವನ್ನು ನೋಡಿ ನಕ್ಕು ಸುಮ್ಮನಾಗುವುದು ನ್ಯಾಯವಲ್ಲ. ಇಪ್ಪತ್ತಮೂರನೆಯ ಯೊವಾನ್ನ ಜಗದ್ಗುರುಗಳು 1961ರ ತಮ್ಮ ‘ಮಾತೆರ್ ಎತ್ ಮಜಿಸ್ತ್ರ’ ವಿಶ್ವಪತ್ರದಲ್ಲಿ ಈ ಮೂರು ಹೆಜ್ಜೆಗಳನ್ನು ಹೆಸರಿಸಿ ಯುವಜನರಿಗೆ ಕಲಿಸಬೇಕೆಂದು ಹೇಳಿದರು. ಕಾರ್ಡೈನ್‌ರನ್ನು 1965ರಲ್ಲಿ ಆರನೆಯ ಪಾವ್ಲರು ಕಾರ್ಡಿನಲ್ ಪದವಿಗೇರಿಸಿದರು. 1967ರಲ್ಲಿ ಅವರು ತೀರಿಕೊಂಡರು. ಇಷ್ಟೆಲ್ಲ ಮನ್ನಣೆ ದೊರೆತ ಪದ್ಧತಿ ನಮ್ಮ ಎಷ್ಟು ಧರ್ಮಕೇಂದ್ರಗಳಲ್ಲಿ ಜೀವಂತವಾಗಿದೆ? ಹಲವೆಡೆ ಯುವಸಂಘ ಎಂದರೆ ಕ್ರಿಸ್ಮಸ್ ಗೋದಲಿ, ವಾರ್ಷಿಕೋತ್ಸವದ ನೃತ್ಯ, ವಾಲಿಬಾಲ್ ಪಂದ್ಯ ಎಂದಾಗಿದೆ. ಸಭೆಯಲ್ಲಿ ಧ್ವನಿವರ್ಧಕ ಹಿರಿಯರ ಕೈಯಲ್ಲಿರುತ್ತದೆ, ಕುರ್ಚಿ ಜೋಡಿಸುವುದು ಕಿರಿಯರ ಪಾಲಿಗೆ. ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಎಲ್ಲ ಸರಾಗವಾಗಿರಲಿಲ್ಲ. 1957ರಲ್ಲಿ ಸಾವಿರಾರು ಯುವ ಕಾರ್ಮಿಕರು ರೋಮಿನಲ್ಲಿ ನೆರೆದಿದ್ದ ಅದೇ ಸಂಘಟನೆ, ಕಾರ್ಯಗೈಯುವುದು ಎಂದರೆ ಎಲ್ಲಿಯವರೆಗೆ ಎಂಬ ವಾದದಲ್ಲಿ 1980ರ ದಶಕದ ಮಧ್ಯದಲ್ಲಿ ಎರಡಾಗಿ ಒಡೆಯಿತು. ಮಕ್ಕಳಿಗೆ ನೋಡಲು ಕಲಿಸಿದರೆ ಅವರು ನಮಗೆ ಬೇಡವಾದುದನ್ನೂ ನೋಡುತ್ತಾರೆ ಎಂಬುದು ಹಿರಿಯರ ಅಳುಕು. ಅಳುಕು ಸುಳ್ಳಲ್ಲ.

ಪಾಲಕರ ಮೊದಲ ಪ್ರಶ್ನೆಗೆ ಹೀಗಾಗಿ ನಮ್ಮ ಉತ್ತರ ಇಷ್ಟು. ಯಾವ ಸಂಘಕ್ಕಾದರೂ ಸೇರಿಸಿರಿ. ರೋಟರಿಯವರ ಕ್ಲಬ್ಬು ನಮ್ಮದಲ್ಲವೆಂಬ ಭೇದ ಬೇಡ. ತಿಂಗಳು ಕಳೆದ ಮೇಲೆ ಮಗಳನ್ನು ಕೂರಿಸಿಕೊಂಡು, ಏನು ಮಾಡಬೇಕೆಂದು ಅಲ್ಲಿ ತೀರ್ಮಾನಿಸುವವರು ಯಾರು ಎಂದು ಕೇಳಿರಿ. ಮೇಡಂ ತೀರ್ಮಾನಿಸುತ್ತಾರೆ ಎಂದರೆ, ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಿ ಬಾ ಎಂದು ಕಳುಹಿಸಿರಿ. ಪಿಯುಸಿಗೆ ಬಂದೊಡನೆ ಟ್ಯೂಷನ್ನಿನ ಹೆಸರಿನಲ್ಲಿ ವೈ.ಸಿ.ಎಸ್.ನಿಂದ ಬಿಡಿಸುವವರಿಗೆ ಮಾತ್ರ ನಮ್ಮದೊಂದು ತಕರಾರು ಇದೆ. ಹದಿನಾರರಿಂದ ಹದಿನೆಂಟರ ನಡುವೆ ಹುಡುಗನ ಮನಸ್ಸು ಜಗತ್ತನ್ನು ಪ್ರಶ್ನಿಸಲು ತೊಡಗುವ ಹೊತ್ತಿಗೆ ಸರಿಯಾಗಿ ನಾವು ಅವನನ್ನು ಪ್ರಶ್ನೆಪತ್ರಿಕೆಯ ಮುಂದೆ ಮಾತ್ರ ಕೂರಿಸುತ್ತೇವೆ. ವಾರಕ್ಕೆ ಒಂದೂವರೆ ಗಂಟೆ ಕಳೆದುಕೊಂಡು ರ‍್ಯಾಂಕ್ ತಪ್ಪಿದ ಒಬ್ಬನನ್ನೂ ನಾವು ಕಂಡಿಲ್ಲ.

ವಿದ್ಯಾರ್ಥಿ ಸಂಘ ಎಂಬ ಹೆಸರಿನಲ್ಲಿಯೇ ಹೊರಗುಳಿಯುವ ಇನ್ನೊಂದು ಗುಂಪಿದೆ, ಓದು ಬಿಟ್ಟವರದು. ಕಾರ್ಡೈನ್‌ರ ಹೊಟ್ಟೆಯಲ್ಲಿ ಸಂಕಟ ಹುಟ್ಟಿಸಿದ್ದು ಕಾರ್ಖಾನೆ ಸೇರಿದ ಗೆಳೆಯರು; ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ತೋಟಕ್ಕೋ ಗ್ಯಾರೇಜಿಗೋ ಬೆಂಗಳೂರಿನ ಹೋಟೆಲಿಗೋ ಹೋದವನನ್ನು ಇಂದು ಇಂಟರಾಕ್ಟಾಗಲಿ ಎನ್.ಎಸ್.ಎಸ್. ಆಗಲಿ ಹುಡುಕಿಕೊಂಡು ಹೋಗುವುದಿಲ್ಲ. ಈಗ ನಾವಿರುವ ಧರ್ಮಕೇಂದ್ರದ ವೈ.ಸಿ.ಎಸ್. ಮಕ್ಕಳು, ಒಟ್ಟು ಹದಿಮೂರು ಮಂದಿ, ಈ ವರ್ಷ ತಮ್ಮ ವಿಚಾರಣೆಗೆ ಆರಿಸಿಕೊಂಡಿರುವ ವಿಷಯ ಅದೇ. ತಮ್ಮ ಜೊತೆ ಧರ್ಮೋಪದೇಶದ ತರಗತಿಯಲ್ಲಿ ಕುಳಿತಿದ್ದು ಈಗ ಕಾಣದವರ ಪಟ್ಟಿ ಮಾಡಿದರು. ಹನ್ನೊಂದು ಹೆಸರುಗಳಾದವು. ಭಾನುವಾರದ ಎರಡನೆಯ ಬಲಿಪೂಜೆಯ ನಂತರ ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಿದ್ದಾರೆ. ಕೈಯಲ್ಲಿ ಕೊಡುಗೆ ಏನೂ ಇಲ್ಲ, ನೋಟ್‌ಪುಸ್ತಕ ಮಾತ್ರ. ಕಳೆದ ವಾರ ಮೂರು ಮನೆಗಳಾದವು. ಒಂದು ಮನೆಗೆ ಬೀಗ ಹಾಕಿತ್ತು. ಇನ್ನೊಂದರಲ್ಲಿ ಹುಡುಗ ಭಾನುವಾರವೂ ಕೆಲಸಕ್ಕೆ ಹೋಗಿದ್ದಾನೆಂದು ಅಜ್ಜಿ ಹೇಳಿದರು. ಮೂರನೆಯ ಮನೆಯಲ್ಲಿ ಹುಡುಗ ಇದ್ದ, ಹೊರಗೆ ಬರಲಿಲ್ಲ. ಸಂಜೆ ಆರರ ಮೇಲೆ ಬನ್ನಿ ಎಂದು ಒಳಗಿನಿಂದಲೇ ಹೇಳಿದನಂತೆ. ಈ ಭಾನುವಾರ ಆರು ಗಂಟೆಗೆ ಹೋಗುವವರ ಹೆಸರುಗಳನ್ನು ಮಕ್ಕಳು ಆಗಲೇ ಬರೆದಿಟ್ಟಿದ್ದಾರೆ.